ದುಮ್ಮವಾಡದ ಒಂದು ಪ್ರಶ್ನೆ: ಮನೆಮದ್ದಿನಿಂದ ಹಲ್ಲು ಬೆಳ್ಳಗಾದೀತೆ?

ಕಲಘಟಗಿ ತಾಲೂಕಿನ ದುಮ್ಮವಾಡ ಗ್ರಾಮಕ್ಕೆ ಶ್ರಾವಣ ಮಾಸದ ಪುರಾಣ ಪ್ರವಚನಕ್ಕಾಗಿ ಹೋಗಿಬರುವುದು ನಮಗೆ ಕೆಲವು ವರ್ಷಗಳಿಂದ ನಡೆದುಬಂದ ರೂಢಿ. ಬೇಡ್ತಿ ಹಳ್ಳಕ್ಕೆ ಕಟ್ಟಿದ ನೀರಸಾಗರ ಜಲಾಶಯದ ಮಗ್ಗುಲಿನ ಊರು ಅದು. ಹುಬ್ಬಳ್ಳಿಯ ಜನತೆ ದಶಕಗಳ ಕಾಲ ಕುಡಿದದ್ದು ಈ ಜಲಾಶಯದ ನೀರನ್ನು. 2024ರ ಶ್ರಾವಣದ ಒಂದು ಸಂಜೆ ಮಂಗಳಾರತಿ ಮುಗಿದು, ಪ್ರಸಾದ ವಿನಿಯೋಗವಾಗಿ, ಜನರೆಲ್ಲ ಚದುರಿದ ಮೇಲೆ ಒಬ್ಬ ತಾಯಿ ತಮ್ಮ ಮಗಳನ್ನು ಕರೆದುಕೊಂಡು ನಮ್ಮೆದುರು ಬಂದು ನಿಂತರು. ಮಗಳು ಆಗತಾನೆ ಪದವಿಯ ಓದು ಮುಗಿಸಿದವಳು. ಮಾತನಾಡುವಾಗಲೆಲ್ಲ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು.

"ಶಾಸ್ತ್ರಿಗಳ, ಹ್ವಾದ ವರ್ಷ ನೀವು ಪ್ರವಚನದಾಗ ಹೇಳಿದ್ರಲ್ರೀ, ನಮ್ಮ ಹಿರ್ಯಾರು ಬೂದಿಲೆ ಹಲ್ಲು ತಿಕ್ಕೊಂಡು ಎಂಬತ್ತು ವರ್ಷ ರೊಟ್ಟಿ ಕಡದ್ರು, ಈಗಿನ ಮಂದಿ ಪೇಸ್ಟ್ ಹಚ್ಚಿ ನಲವತ್ತಕ್ಕ ಹಲ್ಲು ಕೀಳಸ್ತಾರ ಅಂತ. ನಿಮ್ಮ ಮಾತು ನಂಬಿ ಮೂರು ವಾರ ಈಕಿಗೆ ಬೂದಿಲೇ ತಿಕ್ಕಿಸಿದ್ನಿರಿ. ಬಾಜೂ ಮನಿಯಾಕಿ ಲಿಂಬಿಹುಳಿ ಕೂಡಸು ಅಂದ್ಲು, ಅದನ್ನೂ ಕೂಡಿಸಿದೆ. ಈಗ ತಣ್ಣನ ನೀರು ಬಾಯಾಗ ಹಾಕ್ಕೊಂಡ್ರ ಜುಮ್ ಅಂತಾವಂತ. ಕಲೆ ಮಾತ್ರ ಹೋಗವಲ್ವು."

ನಾವು ಆ ಮಾತನ್ನು ಆಡಿದ್ದು ದಿಟ. ಸಭೆ ನಗಬೇಕು, ತಲೆದೂಗಬೇಕು ಎಂಬ ಆಸೆ ಪ್ರವಚನಕಾರನಿಗೆ ಇದ್ದೇ ಇರುತ್ತದೆ. ಹಳೆಯ ಕಾಲವನ್ನು ಹೊಗಳಿ ಹೊಸ ಕಾಲವನ್ನು ಚುಚ್ಚಿದರೆ ಆ ನಗೆ ಅಗ್ಗವಾಗಿ ದೊರೆಯುತ್ತದೆ. 2023ರಲ್ಲಿ ಅದೇ ಊರಲ್ಲಿ ಅದು ದೊರೆತೂ ಇತ್ತು. ಆದರೆ ಪೀಠದ ಮೇಲಿಂದ ಬಿದ್ದ ಮಾತನ್ನು ಕೇಳಿದವರು ಮನೆಗೆ ಒಯ್ಯುತ್ತಾರೆ, ಒಯ್ದು ಆಚರಣೆಗೆ ತರುತ್ತಾರೆ ಎಂಬುದನ್ನು ನಾವು ಮರೆತಿದ್ದೆವು. ಅಷ್ಟೇ ಅಲ್ಲ, ನಮ್ಮ ಮಾತು ಪೂರ್ತಿ ಸತ್ಯವೂ ಆಗಿರಲಿಲ್ಲ. ನಾವು ವಿದ್ಯಾರ್ಥಿಯಾಗಿದ್ದ ಮಠದಲ್ಲಿ ವೃದ್ಧರ ಪಂಕ್ತಿಗೆಂದೇ ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಟ್ಟು ಬಡಿಸುವ ಪದ್ಧತಿ ಇತ್ತು. ಆ ವೃದ್ಧರೆಲ್ಲರೂ ಬಾಲ್ಯದಿಂದ ಬೂದಿಯಲ್ಲಿಯೇ ತಿಕ್ಕಿದವರು! ಎಂಬತ್ತರಲ್ಲಿ ರೊಟ್ಟಿ ಕಡಿದ ಒಬ್ಬ ಅಜ್ಜನನ್ನು ಊರು ನೆನಪಿಡುತ್ತದೆ; ನೆನೆದ ರೊಟ್ಟಿ ನುಂಗಿದ ಹತ್ತು ಜನರನ್ನು ನೆನಪಿಡುವುದಿಲ್ಲ. ಆದಕಾರಣ ಅಂದು ಆಡಿದ ಮಾತನ್ನು ಇಂದು ಬರೆದು ತಿದ್ದಿಕೊಳ್ಳಬೇಕಾಗಿದೆ.

ತಾಯಿಗೆ ಇಷ್ಟೊಂದು ಅವಸರವೇಕೆಂದು ವಿಚಾರಿಸಿದಾಗ ಕಾರಣ ತಿಳಿಯಿತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಹುಡುಗಿಯ ಓದು, ನಡೆ, ನುಡಿ ಎಲ್ಲವನ್ನೂ ಮೆಚ್ಚಿ, ಹೊರಡುವಾಗ ಮಧ್ಯಸ್ಥರ ಕಿವಿಯಲ್ಲಿ "ಹಲ್ಲು ಅಷ್ಟ ಸ್ವಲ್ಪ..." ಎಂದು ಉಸುರಿ ಹೋಗಿದ್ದರಂತೆ. ಇನ್ನೊಂದು ಮನೆಯವರು ಮುಂದಿನ ತಿಂಗಳು ಬರುವವರಿದ್ದರು. ದಂತವೈದ್ಯರಲ್ಲಿಗೆ ಹೋದರೆ ಖರ್ಚು, ಅದಕ್ಕಿಂತ ಹೆಚ್ಚಾಗಿ ಊರಿಗೆಲ್ಲ ಸುದ್ದಿ. ಮನೆಯಲ್ಲೇ ಸದ್ದಿಲ್ಲದೆ ಮಾಡಿಕೊಂಡರಾಯಿತು ಎಂಬುದು ತಾಯಿಯ ಎಣಿಕೆ. ಇಂಥ ಎಣಿಕೆ ದುಮ್ಮವಾಡದ ಒಂದೇ ಮನೆಯದಲ್ಲವೆಂಬುದು ಓದುಗ ತಾಯಂದಿರಿಗೆ ತಿಳಿದೇ ಇದೆ.

ನಾವು ವೈದ್ಯರಲ್ಲ. ಹೀಗಾಗಿ ಬೂದಿ, ಲಿಂಬೆ ಎರಡನ್ನೂ ಕೂಡಲೇ ನಿಲ್ಲಿಸಿರೆಂದು ಹೇಳಿ, ಮರುವಾರ ತಾಯಿ ಮಗಳಿಬ್ಬರನ್ನೂ ಧಾರವಾಡದಲ್ಲಿ ನಮಗೆ ಪರಿಚಿತರಾದ ದಂತವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ಅವರು ದೀಪ ಹಿಡಿದು ನೋಡಿ ಕೇಳಿದ ಮೊದಲನೆಯ ಪ್ರಶ್ನೆ ನಮ್ಮನ್ನು ಬೆರಗುಗೊಳಿಸಿತು. ಏನು ತಿನ್ನುತ್ತೀ, ಹೇಗೆ ತಿಕ್ಕುತ್ತೀ ಎಂದವರು ಕೇಳಲಿಲ್ಲ. "ಸಣ್ಣಾಕಿದ್ದಾಗ ಯಾವ ಊರಿನ ನೀರು ಕುಡಿದೀಯವ್ವಾ?" ಎಂದು ಕೇಳಿದರು.

ಹುಡುಗಿಯ ತಂದೆ ಕೆಲಸ ಹುಡುಕಿಕೊಂಡು ಕೆಲವು ವರ್ಷ ಗೋವೆಯಲ್ಲಿದ್ದವರು. ಆ ಕಾಲದಲ್ಲಿ ಈಕೆ ಹುಟ್ಟಿ ಎಂಟು ವರ್ಷ ಬೆಳೆದದ್ದು ತಾಯಿಯ ತವರಿನಲ್ಲಿ, ಗದಗ ಜಿಲ್ಲೆಯ ಮುಂಡರಗಿ ಸೀಮೆಯ ಒಂದು ಹಳ್ಳಿಯಲ್ಲಿ, ಕೊಳವೆಬಾವಿಯ ನೀರು ಕುಡಿದು. ತಂದೆ ಊರಿಗೆ ಮರಳಿದ ಮೇಲೆ ದುಮ್ಮವಾಡದಲ್ಲಿ ಹುಟ್ಟಿ ಹಿತ್ತಲ ತೆರೆದ ಬಾವಿಯ ನೀರು ಕುಡಿದ ತಮ್ಮನ ಹಲ್ಲು ಶುಭ್ರವಾಗಿವೆ. ಒಂದೇ ತಾಯಿಯ ಮಕ್ಕಳು, ಒಂದೇ ಅಡುಗೆ, ಒಂದೇ ಹಲ್ಲುಪುಡಿ. ಅಂತರವಿದ್ದದ್ದು ನೀರಿನಲ್ಲಿ.

ಮುಂಡರಗಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚೆಂಬುದು ಬಹುಕಾಲದಿಂದ ತಿಳಿದ ಸಂಗತಿ. ಫ್ಲೋರೈಡ್ ನೆಲದಾಳದ ಬಂಡೆಯಿಂದ ನೀರಿಗೆ ಇಳಿಯುತ್ತದೆ. ಬಾವಿ ಆಳವಾದಷ್ಟೂ, ನೀರು ಬಂಡೆಯೊಡನೆ ಕೂಡಿದ್ದ ಕಾಲ ದೀರ್ಘವಾದಷ್ಟೂ ಬಹುಮಟ್ಟಿಗೆ ಅದರ ಪ್ರಮಾಣ ಏರುತ್ತದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನ ನೀರನ್ನು ಮಗು ಕುಡಿಯುತ್ತ ಬೆಳೆದರೆ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಕವಚ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಹಲ್ಲು ಹೊರಬಂದಾಗ ಸುಣ್ಣದ ಕಡ್ಡಿಯಂಥ ಬಿಳಿ ಮಚ್ಚೆಗಳು ಕಾಣುತ್ತವೆ. ವರ್ಷಗಳುರುಳಿದಂತೆ ಆ ಸೂಕ್ಷ್ಮ ರಂಧ್ರಗಳು ಬಣ್ಣ ಹೀರಿ ಕಂದು ಪಟ್ಟೆಗಳಾಗುತ್ತವೆ. ಮುಂದಿನ ಹಲ್ಲುಗಳ ಮಟ್ಟಿಗೆ ಈ ಅಪಾಯದ ಕಾಲ ಸುಮಾರು ಎಂಟು ವರ್ಷದವರೆಗೆ. ಆಮೇಲೆ ಅದೇ ನೀರು ಕುಡಿದರೂ ಆ ಹಲ್ಲುಗಳಲ್ಲಿ ಹೊಸ ಪಟ್ಟೆ ಮೂಡದು, ಮೂಳೆಗೆ ಆಗುವ ತೊಂದರೆಯ ಮಾತು ಬೇರೆ.

ಲೋಕಕ್ಕೆ ಇದು ತಿಳಿದ ಕಥೆಯೂ ಸ್ವಾರಸ್ಯವಾಗಿದೆ. 1901ರಲ್ಲಿ ಅಮೆರಿಕದ ಕೊಲೊರಾಡೊ ಪ್ರಾಂತಕ್ಕೆ ವೃತ್ತಿಗೆಂದು ಬಂದ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆ ಕಂಡು ಬೆನ್ನುಹತ್ತಿದರು. ಕಾರಣ ನೀರಿನೊಳಗಿನ ಫ್ಲೋರೈಡ್ ಎಂಬುದು ಖಚಿತವಾದದ್ದು 1931ರಲ್ಲಿ. ಮೂವತ್ತು ವರ್ಷಗಳ ಪಟ್ಟು ಅದು. ನಮ್ಮ ದೇಶದಲ್ಲಿ ಈ ಬಾಧೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಇಷ್ಟು ಕಾಲ ಕಳೆದರೂ ನಮ್ಮ ಮನೆಗಳಲ್ಲಿ ಈ ಕಲೆಯನ್ನು ಇಂದಿಗೂ "ಹುಡುಗಿ ಹಲ್ಲು ಸರಿಯಾಗಿ ತಿಕ್ಕಂಗಿಲ್ಲ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ತಿಕ್ಕಿ ತಿಕ್ಕಿ ಸೋತ ಆ ಮಗುವಿನ ಮನಸ್ಸಿಗೆ ಏನಾಗುತ್ತದೆಂದು ಯಾರು ಕೇಳಬೇಕು? ವೈದ್ಯರು ಇದು ನಿನ್ನ ತಪ್ಪಲ್ಲವೆಂದು ಹೇಳಿದಾಗ ಆ ಹುಡುಗಿಯ ಕಣ್ಣಲ್ಲಿ ನೀರು ಬಂದದ್ದನ್ನು ನಾವು ಕಂಡೆವು.

ಇನ್ನು ಬೂದಿ ಲಿಂಬೆಗಳ ಮಾತು. ಇದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಮೊದಲ ನಾಲ್ಕಾರು ದಿನ ಹಲ್ಲು ನಿಜಕ್ಕೂ ಬೆಳ್ಳಗಾದಂತೆ ಕಾಣುತ್ತದೆ. ಮೋಸ ಇರುವುದೇ ಅಲ್ಲಿ.

ಹಲ್ಲಿನ ಮೇಲ್ಪದರವಾದ ಕವಚವು ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ದಪ್ಪ ಬಹಳವಿಲ್ಲ: ಅಗಿಯುವ ತುದಿಯಲ್ಲಿ ಹೆಚ್ಚೆಂದರೆ ಎರಡೂವರೆ ಮಿಲಿಮೀಟರ್, ವಸಡಿನ ಹತ್ತಿರ ಬರುವಾಗ ತೀರ ತೆಳು. ಅದು ಅರೆಪಾರದರ್ಶಕ. ಅದರ ಕೆಳಗಿನ ಪದರ ಸ್ವಭಾವತಃ ಹಳದಿ. ಆದ್ದರಿಂದ ಆರೋಗ್ಯವಂತ ಹಲ್ಲಿನ ಬಣ್ಣ ಕಾಗದದ ಬಿಳಿಯಲ್ಲ. ತುಸು ಕೆನೆಯ ಛಾಯೆ ಇರುವುದೇ ಸಹಜ. ನಮ್ಮ ಕವಿಗಳು ಹಲ್ಲನ್ನು ಮಲ್ಲಿಗೆಯ ಮೊಗ್ಗಿಗೆ ಹೋಲಿಸುತ್ತ ಬಂದರೇ ವಿನಾ ಗೋಡೆಯ ಸುಣ್ಣಕ್ಕಲ್ಲ. ಜಾಹೀರಾತಿನ ಹಲ್ಲನ್ನು ಕಂಡು ನಮ್ಮ ಹಲ್ಲಿಗೆ ರೋಗವಿದೆಯೆಂದು ಬಗೆಯುವವರು ಒಮ್ಮೆ ಮೊಗ್ಗನ್ನು ಕೈಯಲ್ಲಿ ಹಿಡಿದು ನೋಡಬೇಕು.

ಈ ಕವಚದ ವೈರಿ ಹುಳಿ. ಬಾಯಿಯ ಆಮ್ಲತೆಯ ಅಳತೆ 5.5ಕ್ಕಿಂತ ಕೆಳಗಿಳಿದರೆ ಕವಚದ ಖನಿಜ ಕರಗತೊಡಗುತ್ತದೆ. ಲಿಂಬೆಯ ರಸದ ಅಳತೆ 2ರ ಆಸುಪಾಸು. ಲಿಂಬೆ ಸವರಿದಾಗ ಮೇಲ್ಮೈ ಸ್ವಲ್ಪ ಕರಗಿ ಒರಟಾಗುತ್ತದೆ, ಒರಟಾದ ಮೇಲ್ಮೈ ಬೆಳಕನ್ನು ಚದುರಿಸಿ ಬೆಳ್ಳಗೆ ಕಾಣುತ್ತದೆ. ಹೀಗೆ ಮೆತ್ತಗಾದುದರ ಮೇಲೆ ಬೂದಿ ಹಾಕಿ ತಿಕ್ಕಿದರೆ ಆ ಪದರವೇ ಕಿತ್ತುಹೋಗುತ್ತದೆ. ಕಲಘಟಗಿ ಸೀಮೆಯ ಭತ್ತದ ಹೊಟ್ಟಿನ ಬೂದಿಯಲ್ಲಂತೂ ಬಹುಭಾಗ ಸಿಲಿಕಾ, ಅಂದರೆ ಮರಳಿನ ಜಾತಿಯ ಪದಾರ್ಥ. ಕುಳ್ಳಿನ ಬೂದಿಯಲ್ಲಿಯೂ ದನ ತಿಂದ ಹುಲ್ಲಿನಿಂದ ಬಂದ ಅದೇ ಕಣಗಳು. ಮೂರು ವಾರ, ಎರಡು ಹೊತ್ತು ಇದು ನಡೆದರೆ ಕವಚ ತೆಳುವಾಗಿ ಕೆಳಗಿನ ಹಳದಿ ಮೇಲೆ ತೋರುತ್ತದೆ. ತಣ್ಣೀರು ಜುಮ್ಮೆನ್ನುವುದೂ ಅದರಿಂದಲೇ. ಒಮ್ಮೆ ಸವೆದ ಕವಚ ಚರ್ಮದಂತೆ, ಉಗುರಿನಂತೆ ಮತ್ತೆ ಬೆಳೆಯುವಂಥದ್ದಲ್ಲ. ಬಿಳುಪಿಗಾಗಿ ತಿಕ್ಕಿದವರು ಹಳದಿಯನ್ನು ಸಂಪಾದಿಸಿಕೊಳ್ಳುತ್ತಾರೆ.

ವೈದ್ಯರು ಇದನ್ನು ತಮ್ಮ ಭಾಷೆಯಲ್ಲಿ ವಿವರಿಸುತ್ತಿದ್ದಾಗ ಆ ತಾಯಿಗೆ ತಿಳಿಯಲೆಂದು ನಾವೊಂದು ಹೋಲಿಕೆ ಹೇಳಿದೆವು. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು, ಮರದ ಮೇಲೆ ಬಣ್ಣ ಬರೆದು ಅರಗಿನ ಹೊಳಪು ಕೊಟ್ಟದ್ದು. ತೊಟ್ಟಿಲಿನ ಮೇಲೆ ಕೂತ ಧೂಳನ್ನು ಒದ್ದೆ ಅರಿವೆಯಿಂದ ಒರೆಸಬಹುದು. ಇಟ್ಟಂಗಿ ಪುಡಿ ಹಾಕಿ ತಿಕ್ಕಿದರೆ ಹೋಗುವುದು ಧೂಳಲ್ಲ, ಅರಗು ಮತ್ತು ಬಣ್ಣ. ಮರದೊಳಗಿನ ಗಂಟಿನ ಕಪ್ಪಂತೂ ಎಷ್ಟು ತಿಕ್ಕಿದರೂ ಹೋಗದು. ತಾಯಿ ಕೂಡಲೇ "ಹಂಗಾರ ನಾ ಅರಗ ತಿಕ್ಕಿಬಿಟ್ಟೆ" ಎಂದರು.

ಈ ಹೋಲಿಕೆಯಲ್ಲಿ ವಿಷಯದ ಬಹುಭಾಗ ಅಡಗಿದೆ. ಕಲೆ ಧೂಳಿನ ಜಾತಿಯದೋ ಗಂಟಿನ ಜಾತಿಯದೋ ಎಂಬುದನ್ನು ಮೊದಲು ತಿಳಿಯಬೇಕು. ಚಹಾ, ಎಲೆ ಅಡಿಕೆ, ತಂಬಾಕು, ಮಕ್ಕಳಿಗೆ ಕೊಡುವ ಕಬ್ಬಿಣಾಂಶದ ದ್ರವೌಷಧ ಇವುಗಳ ಕಲೆ ಮೇಲೆ ಕೂರುವಂಥದ್ದು. ದಿನದಿನದ ಪಾಚಿ ಗಟ್ಟಿಯಾಗಿ ವಸಡಿನಂಚಿಗೆ ಕಿಟ್ಟವಾಗುವುದೂ ಇದೇ ವರ್ಗದ್ದು. ವಯಸ್ಸಿನ ಹಳದಿ, ಪೆಟ್ಟುಬಿದ್ದು ಜೀವ ಹೋದ ಹಲ್ಲಿನ ಬೂದುಬಣ್ಣ, ಗರ್ಭಿಣಿಯರಿಗೆ ಅಥವಾ ಎಂಟು ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಎಂಬ ಔಷಧ ಕೊಟ್ಟುದರಿಂದ ಮಕ್ಕಳ ಹಲ್ಲಿಗೆ ಬರುವ ಕಂದು, ಫ್ಲೋರೈಡಿನ ಪಟ್ಟೆ ಇವೆಲ್ಲ ಒಳಗಿನವು. ಒಳಗಿನದನ್ನು ಯಾವ ಪುಡಿಯೂ ತಲಪುವುದಿಲ್ಲ, ಅದು ಮನೆಯ ಪುಡಿಯಿರಲಿ, ಪೇಟೆಯ ಪುಡಿಯಿರಲಿ.

ಪೇಟೆಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಹಿರಿಯರು ಬಿಟ್ಟ ಇದ್ದಿಲು ಈಗ ಕರಿಯ ಪೇಸ್ಟಾಗಿ, ಬೆಳ್ಳಿಬಣ್ಣದ ಡಬ್ಬಿಯಲ್ಲಿ, ಹತ್ತುಪಟ್ಟು ಬೆಲೆಗೆ ತಿರುಗಿ ಬಂದಿದೆ. ಇದ್ದಿಲಿನಿಂದ ಹಲ್ಲು ಬೆಳ್ಳಗಾಗುತ್ತದೆಂಬುದಕ್ಕೂ ಅದು ನಿರಪಾಯಕಾರಿ ಎಂಬುದಕ್ಕೂ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆ 2017ರಲ್ಲಿ ಪ್ರಕಟಿಸಿದ ಪರಾಮರ್ಶೆಯೊಂದು ಹೇಳಿತು. ಅಡುಗೆ ಸೋಡಾ ಮಾತ್ರ ಇವುಗಳಷ್ಟು ಒರಟಲ್ಲ. ಮೇಲಿನ ಕಲೆಯನ್ನು ಕೊಂಚ ತೆಗೆಯಬಲ್ಲದು. ಆದರೆ ಅದಕ್ಕೂ ಲಿಂಬೆ ಹಿಂಡಿ ನೊರೆ ಬಂದಾಗ "ಕೆಲಸ ಮಾಡಾಕತ್ತೈತಿ" ಎಂದು ಹಿಗ್ಗುವವರಿದ್ದಾರೆ. ಆ ನೊರೆ ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡಾಗ ಹೊರಡುವ ಅನಿಲ ಮಾತ್ರ, ಸೋಡಾ ಬಾಟಲಿಯಲ್ಲಿ ಏಳುವ ಗುಳ್ಳೆಯೇ ಅದು.

ಹಾಗಾದರೆ ನಮ್ಮ ಪೂರ್ವಿಕರ ದಂತಧಾವನವೆಲ್ಲ ಅಜ್ಞಾನವೇ ಎಂದು ಕೆಲವರು ಕೇಳಬಹುದು. ಅಲ್ಲ. ಪೂರ್ವಿಕರು ಏನು ಹೇಳಿದ್ದರೆಂಬುದನ್ನು ಓದದೆ ಅವರ ಹೆಸರಿನಲ್ಲಿ ಮಾತಾಡಿದ್ದು ನಮ್ಮ ಅಜ್ಞಾನ. ಧಾರವಾಡದಿಂದ ಹಿಂದಿರುಗಿದ ಮೇಲೆ ನಾವು ಚರಕಸಂಹಿತೆಯನ್ನು ತೆಗೆದು ನೋಡಿದೆವು. ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ದಂತಪವನದ ವಿಧಿ ಇದೆ: ದಿನಕ್ಕೆ ಎರಡು ಬಾರಿ, ತುದಿ ಜಜ್ಜಿ ಮೆದುಮಾಡಿದ ಕಡ್ಡಿಯಿಂದ, ಒಗರು ಖಾರ ಕಹಿ ರುಚಿಯ ಮರದ್ದು, ಅದೂ ವಸಡಿಗೆ ಬಾಧೆಯಾಗದಂತೆ. ಸುಶ್ರುತಸಂಹಿತೆ ಕಡ್ಡಿಯ ಉದ್ದ ಹನ್ನೆರಡು ಅಂಗುಲ, ದಪ್ಪ ಕಿರುಬೆರಳಿನಷ್ಟು ಎಂದು ಅಳತೆಯನ್ನೇ ಕೊಟ್ಟು, ಕಹಿಯಲ್ಲಿ ಬೇವು ಶ್ರೇಷ್ಠವೆನ್ನುತ್ತದೆ. ಜಜ್ಜಿದ ತುದಿ ಎಂದರೆ ಇಂದಿನ ಮೆದುಗೂದಲಿನ ಬ್ರಶ್ಶಲ್ಲದೆ ಮತ್ತೇನು? ದಿನಕ್ಕೆರಡು ಸಲ, ಮೆತ್ತಗೆ, ವಸಡು ನೋಯದಂತೆ ಎಂಬುದನ್ನೇ ಧಾರವಾಡದ ವೈದ್ಯರೂ ಬರೆದುಕೊಟ್ಟಿದ್ದರು. ಚರಕನಿಗೂ ಅವರಿಗೂ ಜಗಳವಿಲ್ಲ. ಜಗಳವಿದ್ದದ್ದು ನಮ್ಮ ಪ್ರವಚನಕ್ಕೂ ಚರಕನಿಗೂ.

ಬೇವಿನ ಕಡ್ಡಿ, ಜಾಲಿಯ ಕಡ್ಡಿಗಳನ್ನು ಇಂದಿಗೂ ಬಳಸುವ ರೈತಬಂಧುಗಳು ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಂಡು ಬಳಸಲಿ, ಅಡ್ಡಡ್ಡ ಗರಗಸದಂತೆ ಎಳೆಯದಿರಲಿ. ಹಾಗೆ ಎಳೆದವರ ಹಲ್ಲಿನ ಬುಡದಲ್ಲಿ ಕೊಡಲಿ ಏಟಿನಂಥ ಕಚ್ಚು ಬಿದ್ದಿರುತ್ತದೆ. ಬ್ರಶ್ಶನ್ನು ಹಾಗೆ ಎಳೆಯುವವರಿಗೂ ಇದೇ ಗತಿ. ಇಲ್ಲೊಂದು ಉಪಮಾತು: ವಿಭೂತಿಯೂ ಬೂದಿಯೇ ಅಲ್ಲವೇ, ಸೋಸಿದ್ದು, ನುಣುಪಾದದ್ದು, ಅದರಿಂದ ತಿಕ್ಕಿದರೆ ಹೇಗೆ ಎಂದು ಒಬ್ಬರು ಕೇಳಿದ್ದುಂಟು. ಅಷ್ಟಾವರಣದಲ್ಲಿ ಒಂದಾದುದು ಹಣೆಯ ಮೇಲಿರಲಿ, ಬಚ್ಚಲಿಗೆ ಬಾರದಿರಲಿ.

ಮಿಶ್ರಿಯ ವಿಷಯವನ್ನು ಹೀಗೆ ಹಗುರವಾಗಿ ಹೇಳಿ ಮುಂದೆ ಹೋಗುವಂತಿಲ್ಲ. ಹಲ್ಲು ಸ್ವಚ್ಛವಾಗಲೆಂಬ ನೆವದಿಂದಲೇ ಅದು ನಮ್ಮ ಮನೆಗಳನ್ನು ಹೊಕ್ಕಿತು. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕರ್ರಗೆ ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ಈ ಅಭ್ಯಾಸ ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಹೆಂಗಸರಲ್ಲಿಯೇ ಹೆಚ್ಚು. ತಂಬಾಕಿಗಾದರೋ ನಿಪ್ಪಾಣಿ ದೂರವಿಲ್ಲ. ಬೀಡಿ ಸೇದುವ ಗಂಡಸನ್ನು ಗದರಿಸುವ ಅಜ್ಜಿ ತಾನು ಬೆಳಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ಮಿಶ್ರಿಯ ಡಬ್ಬಿ ತೆಗೆಯುವುದನ್ನು ಯಾರೂ ವ್ಯಸನವೆಂದು ಕರೆಯುವುದಿಲ್ಲ. ಹಲ್ಲುನೋವಿಗೆ ಒಂದು ದಿನ ಹಚ್ಚಿಕೊಂಡ ಸೊಸೆಯೂ ವರ್ಷದೊಳಗೆ ಅದಿಲ್ಲದೆ ಶೌಚಕ್ಕೆ ಹೋಗಲಾರೆನೆನ್ನುತ್ತಾಳೆ. ಹಲ್ಲಿನ ಬುಡ ಕಪ್ಪಾಗುತ್ತದೆ, ವಸಡು ಇಳಿಯುತ್ತದೆ, ಬಾಯಿಯ ಕ್ಯಾನ್ಸರಿಗೆ ದಾರಿಯಾಗುತ್ತದೆ. ಗರ್ಭಿಣಿಯಾದರೆ ಬಾಧೆ ಇನ್ನೊಂದು ಜೀವಕ್ಕೂ ತಟ್ಟುತ್ತದೆ: ಮುಂಬಯಿಯ ಗರ್ಭಿಣಿಯರ ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಹೊಗೆರಹಿತ ತಂಬಾಕು ಬಳಸುತ್ತಿದ್ದವರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇದ್ದುದು ಕಂಡುಬಂದಿತು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರಕಾರ 1992ರಲ್ಲಿಯೇ ನಿಷೇಧಿಸಿತು. ಗುಟಖಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಆದರೆ ಮನೆಯ ಹೆಂಚಿಗೆ ಯಾವ ಸರಕಾರ ಕಾವಲು ಕೂರೀತು? ದುಮ್ಮವಾಡದ ಆ ಮನೆಯಲ್ಲಿಯೂ ಅಜ್ಜಿಯ ಮಿಶ್ರಿ ಡಬ್ಬಿ ಇತ್ತು. ಮೊಮ್ಮಗಳ ಕಲೆಗೆ ಅದನ್ನೇ ಹಚ್ಚೆಂದು ಆಕೆ ಹೇಳಿದ್ದಳಂತೆ. ಹುಡುಗಿ ವಾಸನೆಗೆ ಒಲ್ಲೆನೆಂದದ್ದೇ ಪುಣ್ಯ.

ಈಗ ಮನೆಯಲ್ಲಿಯೇ ಮಾಡಬಹುದಾದುದೇನು? ಮೇಲಿನ ಕಲೆಯಾದರೆ ಬೆಳಗ್ಗೆ ಮತ್ತು ರಾತ್ರಿ ಮೆದುವಾದ ಬ್ರಶ್ಶು, ಫ್ಲೋರೈಡುಳ್ಳ ಸಾಮಾನ್ಯ ಪೇಸ್ಟು, ಚಹಾ ಕುಡಿದ ಮೇಲೆ ಬಾಯಿ ಮುಕ್ಕಳಿಸುವುದು, ಹುಳಿ ತಿಂದ ಕೂಡಲೇ ತಿಕ್ಕದೆ ಅರ್ಧ ಗಂಟೆಯಾದರೂ ಬಿಟ್ಟು ತಿಕ್ಕುವುದು. ಫ್ಲೋರೈಡೇ ಶತ್ರುವಾಗಿರುವಾಗ ಫ್ಲೋರೈಡಿನ ಪೇಸ್ಟೇಕೆ ಎಂದರೆ, ಅದು ಹಲ್ಲಿನ ಮೇಲೆ ಹಚ್ಚಿ ಉಗುಳುವಂಥದ್ದು. ಹೊರಗಿನಿಂದ ತಗಲಿದಾಗ ಕವಚವನ್ನು ಗಟ್ಟಿಮಾಡುತ್ತದೆ. ನುಂಗಬಾರದು, ಸಣ್ಣ ಮಕ್ಕಳಿಗೆ ಬಟಾಣಿ ಕಾಳಿನಷ್ಟನ್ನೇ ಕೊಟ್ಟು ಉಗುಳಿಸಬೇಕು. ಇದರಿಂದ ಹೋಗದ ಕಿಟ್ಟವನ್ನು ದಂತವೈದ್ಯರು ಯಂತ್ರದಿಂದ ತೆಗೆಯುತ್ತಾರೆ. "ಮಷಿನ್ ಹಚ್ಚಿದ್ರ ಹಲ್ಲು ಅಳ್ಳಾಡ್ತಾವ" ಎಂಬ ಭಯ ನಮ್ಮ ಭಾಗದಲ್ಲಿ ಬಹಳ. ವಾಸ್ತವದಲ್ಲಿ ವಸಡು ಕಿಟ್ಟದಿಂದಾಗಿ ಮೊದಲೇ ಸಡಿಲಾಗಿರುತ್ತದೆ, ಕಿಟ್ಟವೇ ಗಾರೆಯಂತೆ ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ನಿಜಸ್ಥಿತಿ ತಿಳಿಯುತ್ತದೆ. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಸ್ಥಾಪನೆಯಾದ ಎಸ್‌ಡಿಎಂ ದಂತ ವೈದ್ಯಕೀಯ ಮಹಾವಿದ್ಯಾಲಯವಿದೆ. ಹೆಣ್ಣು ತೋರಿಸುವ ಒಂದು ದಿನದ ಉಪ್ಪಿಟ್ಟು, ಚಹಾ, ಹೂವುಗಳ ಖರ್ಚಿನಲ್ಲಿ ಇಂಥಲ್ಲಿ ಒಮ್ಮೆ ತೋರಿಸಿಕೊಂಡು ಬರಬಹುದೆಂದು ನಮ್ಮ ಭಾವನೆ.

ಒಳಗಿನ ಕಲೆಗೆ ಇರುವ ಮಾರ್ಗ ಬೇರೆ. ವಿಚಿತ್ರವೆಂದರೆ ಅದರಲ್ಲಿ ಒಂದನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. 1960ರ ದಶಕದಲ್ಲಿ ಅಮೆರಿಕದ ದಂತವೈದ್ಯರೊಬ್ಬರು ವಸಡಿನ ಬಾವಿಗೆಂದು ಪೆರಾಕ್ಸೈಡ್ ಜಾತಿಯ ಔಷಧವನ್ನು ರಾತ್ರಿ ಹಲ್ಲಿನ ಅಚ್ಚಿನೊಳಗೆ ಹಾಕಿಕೊಂಡು ಮಲಗಲು ಹೇಳಿದರು. ವಸಡು ವಾಸಿಯಾಯಿತು, ಜೊತೆಗೆ ಹಲ್ಲೂ ಬೆಳ್ಳಗಾಯಿತು. 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬ ವಿದ್ವಾಂಸರು ಈ ವಿಧಾನವನ್ನು ಕ್ರಮಬದ್ಧವಾಗಿ ಪ್ರಕಟಿಸಿದರು. ರೋಗಿಯ ಹಲ್ಲಿನ ಅಳತೆಗೆ ತೆಳುವಾದ ಅಚ್ಚನ್ನು ವೈದ್ಯರು ಮಾಡಿಕೊಡುತ್ತಾರೆ. ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಲೇಪವನ್ನು ಅದರಲ್ಲಿ ತುಂಬಿ ಕೆಲವು ವಾರ ರಾತ್ರಿ ಧರಿಸಬೇಕು. ಇದರ ಆಮ್ಲಜನಕ ಕವಚದ ಮೂಲಕ ಒಳನುಸುಳಿ ಬಣ್ಣದ ಅಣುಗಳನ್ನು ಒಡೆಯುತ್ತದೆ, ಉಜ್ಜುವ ಮಾತೇ ಇಲ್ಲ. ಹೀಗೆ ಮನೆಯಲ್ಲಿ ಮಾಡಿಕೊಳ್ಳುವ ಉಪಾಯಕ್ಕೂ ಮೊದಲ ಹೆಜ್ಜೆ ವೈದ್ಯರ ಕೋಣೆಯಲ್ಲಿಯೇ. ಹುಳುಕಿದ್ದರೆ, ವಸಡು ಕೆಟ್ಟಿದ್ದರೆ ಮೊದಲು ಅದರ ಚಿಕಿತ್ಸೆಯಾಗಬೇಕು. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಇದು ಸಲ್ಲದು. ತುಂಬಿಸಿದ ಅಥವಾ ಕಟ್ಟಿಸಿದ ಹಲ್ಲಿನ ಬಣ್ಣ ಬದಲಾಗದು. ಕೆಲದಿನ ಹಲ್ಲು ಜುಮ್ಮೆನ್ನುವುದುಂಟು. ಯುರೋಪಿನ ಒಕ್ಕೂಟವು 2012ರಿಂದ ಶೇಕಡಾ 0.1ಕ್ಕಿಂತ ಹೆಚ್ಚು ಹೈಡ್ರೋಜನ್ ಪೆರಾಕ್ಸೈಡ್ ಇರುವ ಬಿಳುಪಿನ ವಸ್ತುಗಳನ್ನು ದಂತವೈದ್ಯರ ಮೂಲಕವೇ ಕೊಡತಕ್ಕದ್ದೆಂದು ವಿಧಿಸಿದೆ. ಮೊಬೈಲಿನಲ್ಲಿ ಕಂಡು ತರಿಸಿಕೊಂಡ, ಹೆಸರು ವಿಳಾಸವಿಲ್ಲದ ಡಬ್ಬಿಯನ್ನು ಮಗಳ ಬಾಯಿಗೆ ಹಾಕುವವರು ಇದನ್ನು ಗಮನಿಸಬೇಕು.

ದುಮ್ಮವಾಡದ ಹುಡುಗಿಗೆ ವೈದ್ಯರು ಮೊದಲ ಮೂರು ತಿಂಗಳು ಬಿಳುಪಿನ ಮಾತೇ ಎತ್ತಲಿಲ್ಲ. ಜುಮ್ಮೆನ್ನುವುದಕ್ಕೆ ಲೇಪನ ಕೊಟ್ಟು, ಹಲ್ಲು ಶಾಂತವಾದ ಮೇಲೆ ಮುಂದಿನ ನಾಲ್ಕು ಹಲ್ಲುಗಳ ಪಟ್ಟೆಯನ್ನು ಕೂದಲೆಳೆಯಷ್ಟು ನಯಗೊಳಿಸಿ, ಆಮೇಲೆ ಅಚ್ಚು ಕೊಟ್ಟರು. ಪೂರ್ತಿ ಹೋಗುವುದಿಲ್ಲವೆಂದು ಮೊದಲೇ ಹೇಳಿದ್ದರು, ಹೋಗಿಲ್ಲ. ಕಂದು ಹೋಗಿ ಕೆನೆಬಣ್ಣಕ್ಕೆ ತಿರುಗಿದೆ. ಮುಂದಿನ ತಿಂಗಳು ಬರಬೇಕಾಗಿದ್ದ ಮನೆಯವರಿಗೆ ತಂದೆಯೇ ಹೋಗಿ, ಮಗಳ ಹಲ್ಲಿಗೆ ಚಿಕಿತ್ಸೆ ನಡೆದಿದೆ, ನೀರಿನ ದೋಷ, ನೋಡಿ ಬನ್ನಿ ಎಂದು ಹೇಳಿದರಂತೆ. ಅವರು ಬರಲಿಲ್ಲ. ಹುಡುಗಿ ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ.

ಆ ತಾಯಿಯ ಗಮನ ಈಗ ಬೇರೆಡೆ ಹೊರಳಿದೆ. ಅವರ ತವರಿನಲ್ಲಿ ತಮ್ಮನಿಗೆ ಎರಡು ಕೂಸುಗಳಿವೆ. ನೀರನ್ನು ಕುದಿಸಿ ಕೊಡುತ್ತಿದ್ದೇವೆ, ಚಿಂತೆಯಿಲ್ಲವೆಂದು ತಮ್ಮ ಹೇಳಿದನಂತೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಅರಿವೆಯಲ್ಲಿ ಸೋಸಿದರೂ ಹೋಗದು. ಗ್ರಾಮ ಪಂಚಾಯತಿಯಲ್ಲಿ ನೀರಿನ ಪರೀಕ್ಷೆ ಮಾಡಿಸಿ, ಅಂಶ ಹೆಚ್ಚಿದ್ದರೆ ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೋ ನದಿಮೂಲದ ನಳದ ನೀರನ್ನೋ ಮಳೆನೀರನ್ನೋ ಬಳಸಬೇಕು. ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿಯ ನೀರಿಗೆ ಅಡ್ಡಿಯಿಲ್ಲ. ಎಂಟು ವರ್ಷ ತುಂಬುವವರೆಗೆ ಈ ಎಚ್ಚರ ಇದ್ದರೆ ಆ ಕೂಸುಗಳ ಮುಂದಿನ ಹಲ್ಲಿಗೆ ಅಕ್ಕನ ಹಲ್ಲಿನ ಅವಸ್ಥೆ ಬಾರದು. ತಾಯಿ ತಾವೇ ತವರಿಗೆ ಹೋಗಿ ಕೊಡವನ್ನು ಬದಲಿಸಿ ಬಂದಿದ್ದಾರೆ.

2025ರ ಶ್ರಾವಣದಲ್ಲಿ ನಾವು ಮತ್ತೆ ದುಮ್ಮವಾಡಕ್ಕೆ ಹೋದಾಗ ಆ ಹುಡುಗಿ ರಜೆಗೆ ಬಂದಿದ್ದಳು. ಪ್ರಸಾದದ ಪಂಕ್ತಿಯಲ್ಲಿ ಎರಡೂ ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ಬಡಿಸುತ್ತ ಗೆಳತಿಯರೊಡನೆ ಏನೋ ಹೇಳಿ ನಗುತ್ತಿದ್ದಳು. ಪ್ರವಚನಕ್ಕೆ ಏಳುವ ಮೊದಲು ಅವಳ ತಾಯಿ ಬಂದು ನಮಸ್ಕರಿಸಿ, "ಶಾಸ್ತ್ರಿಗಳ, ಈ ವರ್ಷ ಬೂದಿ ಸುದ್ದಿ ತಗೀಬ್ಯಾಡ್ರಿ ಮತ್ತ" ಎಂದರು. ತೆಗೆಯುವುದಿಲ್ಲವೆಂದು ಹೇಳಿ ಪೀಠಕ್ಕೆ ಏರಿದೆವು.